ಪೇಪರ್ ಆ್ಯಡ್‌ಗೆ ಪ್ಯಾಕ್ ಶಾಟ್ ಎಲ್ಲಿಂದ ತರೋದು?

ಆ್ಯಡ್ ಫಿಲಂ ಸ್ಕ್ರಿಪ್ಟ್ ಬರೆಯೋ ನಮ್ಮಂಥವರಿಗೆ ನ್ಯೂಸ್‌ಪೇಪರ್ ಕ್ಲೈಂಟ್ ಬಂದ್ರೆ ಮೊದಲನೇ ತಲೆನೋವು, ತೋರಿಸೋದೇನು ಅನ್ನೋದು. ಸೋಪ್ ಆದ್ರೆ ನೊರೆ ತೋರಿಸಬಹುದು, ಪೇಪರ್‌ಗೆ? ಯಾರೋ ಕಾಫಿ ಕುಡೀತಾ ಪೇಪರ್ ಓದೋ ಶಾಟ್ ತೆಗೆದ್ರೆ ಮಾಸ್ಟ್‌ಹೆಡ್, ಅಂದ್ರೆ ಮೇಲಿರೋ ಪತ್ರಿಕೆ ಹೆಸರು, ಬದಲಾಯಿಸಿ ಯಾವ ಪತ್ರಿಕೆಗೆ ಬೇಕಾದ್ರೂ ಅಂಟಿಸಬಹುದು. ಮಾರಬೇಕಿರೋದು ನಂಬಿಕೆ, ಅದಕ್ಕೆ ಪ್ಯಾಕ್ ಶಾಟ್, ಅಂದ್ರೆ ಮಾರೋ ವಸ್ತುವನ್ನೇ ಹತ್ತಿರದಿಂದ ತೋರಿಸೋ ಶಾಟ್, ಇಲ್ಲ.

1986ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಮಾಡಿಸಿದ ಆ್ಯಡ್ ಇವತ್ತಿಗೂ ನನಗೆ ಪಾಠ. ಬ್ಲ್ಯಾಕ್ ಅಂಡ್ ವೈಟ್, 30 ಸೆಕೆಂಡ್ ಅಷ್ಟೇ. ತಲೆ ಬೋಳಿಸಿದ ಹುಡುಗನೊಬ್ಬ ಓಡ್ತಿದ್ದಾನೆ, ಅಲ್ಲೇ ಒಂದು ಕಾರು ಸ್ಲೋ ಆಗುತ್ತೆ, ಯಾರಿಂದಲೋ ತಪ್ಪಿಸ್ಕೊಳ್ತಿದ್ದಾನೆ ಅನ್ಸುತ್ತೆ. ಎರಡನೇ ಆ್ಯಂಗಲ್‌ನಲ್ಲಿ ಬ್ರೀಫ್‌ಕೇಸ್ ಹಿಡಿದವರೊಬ್ಬರ ಮೇಲೆ ಬೀಳ್ತಾನೆ, ಓಹೋ ಕಿತ್ಕೊಂಡು ಓಡೋನೇ ಅಂತ ನಾವು ತೀರ್ಪು ಕೊಟ್ಟಾಗಿರುತ್ತೆ. ಮೂರನೇದು ಮೇಲಿಂದ. ಅವರ ತಲೆ ಮೇಲೆ ಇಟ್ಟಿಗೆ ಲೋಡ್ ಕುಸೀತಿದೆ, ಹುಡುಗ ಅವರನ್ನ ತಳ್ಳಿ ಉಳಿಸ್ತಿದ್ದಾನೆ. ‘ನಾವು ಪೂರ್ತಿ ಸುದ್ದಿ ಕೊಡ್ತೀವಿ’ ಅಂತ ಬಾಯಲ್ಲಿ ಹೇಳಿದ್ರೆ ಯಾರು ಕೇಳ್ತಾರೆ, ಇಲ್ಲಿ ಅರ್ಧ ನೋಡಿ ಮೋಸ ಹೋಗಿದ್ದು ನಾವೇ ಅಲ್ವಾ, ಅದಕ್ಕೇ ನಾಟುತ್ತೆ.

ಮರುವರ್ಷ ಬ್ರೆಜಿಲ್‌ನ ಫೋಲ್ಯಾ ಪತ್ರಿಕೆ ಇನ್ನೂ ಕಮ್ಮಿ ಖರ್ಚಲ್ಲಿ ಕೆಲಸ ಮುಗಿಸ್ತು. ಸ್ಕ್ರೀನ್ ಮೇಲೆ ಬರೀ ಕಪ್ಪು ಚುಕ್ಕೆಗಳು, ಪೇಪರ್ ಫೋಟೋನ ಭೂತಗನ್ನಡೀಲಿ ನೋಡಿದ್ರೆ ಕಾಣುತ್ತಲ್ಲ ಹಾಗೆ. ಹಿನ್ನೆಲೇಲಿ ಒಬ್ಬರು ಹೇಳ್ತಾ ಹೋಗ್ತಾರೆ, ಈ ಮನುಷ್ಯ ಹಾಳಾಗಿದ್ದ ದೇಶ ಎತ್ತಿ ನಿಲ್ಲಿಸಿದ, ನಿರುದ್ಯೋಗ ಇಳಿಸಿದ, ಸಂಗೀತ ಚಿತ್ರಕಲೆ ಅಂದ್ರೆ ಪ್ರಾಣ. ಕ್ಯಾಮೆರಾ ಹಿಂದೆ ಸರೀತಾ ಸರೀತಾ ಚುಕ್ಕೆಗಳು ಸೇರಿ ಹಿಟ್ಲರ್ ಮುಖ ಆಗುತ್ತೆ. ಬರೀ ನಿಜ ಹೇಳ್ಕೊಂಡೇ ರಾಶಿ ಸುಳ್ಳು ಹೇಳಬಹುದು, ಅದಕ್ಕೇ ಓದೋ ಪೇಪರ್ ಬಗ್ಗೆ ಹುಷಾರು ಅನ್ನೋದು ಮಾತು. ಒಂದೇ ಒಂದು ಝೂಮ್ ಔಟ್, ಸ್ಟಾರೂ ಇಲ್ಲ ಡ್ರೋನೂ ಇಲ್ಲ.

ಗಾರ್ಡಿಯನ್ 2012ರಲ್ಲಿ ತೋಳ ಊದಿ ಮನೆ ಬೀಳಿಸೋ ಮೂರು ಹಂದಿಮರಿ ಮಕ್ಕಳ ಕಥೇನ ಬ್ರೇಕಿಂಗ್ ನ್ಯೂಸ್ ಮಾಡಿದ್ದೂ ಮಜವಾಗೇ ಇದೆ, ತೋಳಕ್ಕೆ ಅಸ್ತಮಾ ಇತ್ತು, ಮನೆ ಊದಿ ಬೀಳಿಸೋದು ಹೇಗೆ ಸಾಧ್ಯ ಅಂತ ಓದುಗರೇ ತನಿಖೆ ಶುರು ಮಾಡ್ತಾರೆ. 2017ರಲ್ಲಿ ನ್ಯೂಯಾರ್ಕ್ ಟೈಮ್ಸ್ ಆಸ್ಕರ್ ಸಮಾರಂಭದ ಬ್ರೇಕ್‌ನಲ್ಲಿ ಬಿಳಿ ಸ್ಕ್ರೀನ್ ಮೇಲೆ ಬರೀ ಕಪ್ಪು ಅಕ್ಷರ ಓಡಿಸ್ತು. ಅಷ್ಟು ಝಗಮಗದ ಮಧ್ಯೆ ಅದೇ ಎದ್ದು ಕಾಣ್ತು.

2019ರ ಸೂಪರ್ ಬೌಲ್‌ಗೆ, ಅಂದ್ರೆ ಅಮೆರಿಕನ್ ಫುಟ್‌ಬಾಲ್ ಫೈನಲ್‌ಗೆ, ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ನಟ ಟಾಮ್ ಹ್ಯಾಂಕ್ಸ್ ದನಿಯಲ್ಲಿ, ಕೊಲೆಯಾದ ಪತ್ರಕರ್ತರನ್ನೂ ತೋರಿಸಿ ಮಾಡಿದ್ದು ಮಾತ್ರ ನನಗೆ ಅಷ್ಟು ಹಿಡಿಸಲಿಲ್ಲ. ಮೈ ಜುಂ ಅನ್ಸುತ್ತೆ ನಿಜ, ಆದ್ರೆ ನೋಡೋರಿಗೆ ಮಾಡೋಕೆ ಕೆಲಸವೇ ಇಲ್ಲ, ಸುಮ್ನೆ ಕೈ ಮುಗೀಬೇಕು. ಇಷ್ಟು ದುಡ್ಡು ಇದಕ್ಕಾ ಅಂತ ಆ ಪತ್ರಿಕೆ ನೌಕರರ ಯೂನಿಯನ್ ಕಡೆಯಿಂದಲೇ ಕೊಂಕು ಬಂತು.

ಹಾಗಾಗಿ ಕ್ಲೈಂಟ್ ಏನು ಬೇಕು ಅಂತ ಬರೆದು ಕೊಡೋ ಬ್ರೀಫ್‌ನಲ್ಲಿ ‘ನಿರ್ಭೀತ ಪತ್ರಿಕೆ’ ಅಂತ ಇದ್ರೆ ನಾನು ಮೊದಲು ಕೇಳೋದು ಕಳೆದ ತಿಂಗಳ ಮುಖಪುಟಗಳನ್ನ. ಅಷ್ಟರಲ್ಲಿ ಯಾರಿಗೂ ಬಿಸಿ ಮುಟ್ಟಿಸಿದ ಒಂದು ಸ್ಟೋರಿನೂ ಇಲ್ಲ ಅಂದ್ರೆ ಆ ಲೈನ್ ಬಿಟ್ಬಿಡೋಣ ಅಂತೀನಿ, ನಿಮ್ಮ ಸ್ಪೋರ್ಟ್ಸ್ ಪೇಜ್ ಚೆನ್ನಾಗಿದ್ರೆ ಅದರ ಮೇಲೇ ಫಿಲಂ ಮಾಡೋಣ.