ಗೊತ್ತೇ ಇಲ್ಲದ್ದನ್ನು ಯಾರೂ ಕೊಡಲಾರರು

ನಿಮ್ಮ ಪಾಸ್‌ವರ್ಡ್ ಎಲ್ಲಿಂದಲೋ ಸೋರಿ ಕಳ್ಳರ ಪಟ್ಟಿಗೆ ಸೇರಿದೆಯಾ ಅಂತ ತಿಳಿದುಕೊಳ್ಳಬೇಕು ಅಂದುಕೊಳ್ಳಿ. ಸೋರಿಹೋದ ಪಾಸ್‌ವರ್ಡುಗಳನ್ನೆಲ್ಲ ಒಂದೆಡೆ ಕೂಡಿಟ್ಟಿರುವ ತಾಣವೊಂದಿದೆ. ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ ಅದರ ಹೆಸರು 'ಹ್ಯಾವ್ ಐ ಬೀನ್ ಪೋನ್ಡ್'. ಅಲ್ಲಿ ಹೋಗಿ ವಿಚಾರಿಸಬಹುದು. ಆದರೆ ವಿಚಾರಿಸಬೇಕಾದರೆ ಪಾಸ್‌ವರ್ಡ್ ಏನೆಂದು ಹೇಳಬೇಕಲ್ವಾ? ಹೇಳಿದ ಮೇಲೆ ಅದು ಗುಟ್ಟಾಗಿ ಉಳಿಯುವುದಾದರೂ ಹೇಗೆ?

ಹೇಳದೆಯೇ ಕೇಳಬಹುದು. ಹೇಗೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಜಗತ್ತಿನ ಅತಿ ಪೆದ್ದು ಪಾಸ್‌ವರ್ಡ್ ಯಾವುದು? 'ಪಾಸ್‌ವರ್ಡ್' ಎಂಬ ಇಂಗ್ಲಿಷ್ ಪದವೇ. ಅದನ್ನು ಶಾ-1 ಎಂಬ ಲೆಕ್ಕಕ್ಕೆ ಹಾಕಿದರೆ 40 ಅಕ್ಷರಗಳ ಒಂದು ಸಾಲು ಹೊರಬರುತ್ತದೆ. ಅದರ ಮೊದಲ ಐದು ಅಕ್ಷರ 5ಬಿಎಎ6. ಈ ಲೆಕ್ಕ ನಡೆಯುವುದು ನಿಮ್ಮ ಕಂಪ್ಯೂಟರಿನಲ್ಲೇ. ತಾಣಕ್ಕೆ ಹೋಗುವುದು ಆ ಐದು ಅಕ್ಷರ ಮಾತ್ರ. ತಾಣ ಏನು ಮಾಡುತ್ತದೆ ಅಂದರೆ, ತನ್ನ ಪಟ್ಟಿಯಲ್ಲಿ 5ಬಿಎಎ6 ಎಂದು ಶುರುವಾಗುವ ಎಲ್ಲ ಸಾಲುಗಳನ್ನೂ ಒಟ್ಟಿಗೆ ವಾಪಸ್ ಕಳಿಸುತ್ತದೆ. ಅವು ನೂರಾರು ಇರುತ್ತವೆ. ಉಳಿದ 35 ಅಕ್ಷರ ಅವುಗಳಲ್ಲಿ ಯಾವುದಕ್ಕಾದರೂ ಹೊಂದುತ್ತದಾ ಅಂತ ನಿಮ್ಮ ಕಂಪ್ಯೂಟರ್ ತಾನೇ ಹುಡುಕಿಕೊಳ್ಳುತ್ತದೆ. ಹೊಂದಿತೋ ಇಲ್ಲವೋ, ತಾಣಕ್ಕೆ ಗೊತ್ತಾಗುವುದೇ ಇಲ್ಲ. 2018ರಲ್ಲಿ ಬಂದ ಈ ಏರ್ಪಾಡನ್ನು, ಪಾಸ್‌ವರ್ಡುಗಳನ್ನು ನಮ್ಮ ಪರವಾಗಿ ನೆನಪಿಟ್ಟುಕೊಳ್ಳುವ ಹಲವು ಪಾಸ್‌ವರ್ಡ್ ಮ್ಯಾನೇಜರುಗಳು ಈಗ ತೆರೆಮರೆಯಲ್ಲೇ ಬಳಸುತ್ತವೆ.

ಖಾಸಗಿತನ ಕಾಯುವ ತಂತ್ರಜ್ಞಾನ ಅಂದರೆ ನನ್ನ ಪ್ರಕಾರ ಇದು. ಕಂಪನಿಗಳು ನಮಗೆ ಎರಡು ಬಗೆಯ ಮಾತು ಕೊಡುತ್ತವೆ. 'ನಿಮ್ಮ ಮಾಹಿತಿ ನಮ್ಮ ಹತ್ತಿರ ಜೋಪಾನವಾಗಿದೆ' ಅನ್ನುವುದು ಒಂದು. 'ನಿಮ್ಮ ಮಾಹಿತಿ ನಮ್ಮ ಹತ್ತಿರ ಇಲ್ಲ' ಅನ್ನುವುದು ಇನ್ನೊಂದು. ಮೊದಲನೆಯದು ಬರೀ ಭರವಸೆ. ಮಾಲೀಕ ಬದಲಾದರೆ, ಕೋರ್ಟು ಕೇಳಿದರೆ, ಕಳ್ಳ ನುಗ್ಗಿದರೆ ಅದು ಅಲ್ಲಿಗೆ ಮುಗಿಯಿತು. ಎರಡನೆಯದಕ್ಕೆ ಯಾರ ಒಳ್ಳೆಯತನವೂ ಬೇಕಾಗಿಲ್ಲ. ಹೊಸ ಆ್ಯಪ್ ಹಾಕಿಕೊಳ್ಳುವಾಗ ನಾನು ಮೊದಲು ನೋಡುವುದು, ಅದು ಎರಡರಲ್ಲಿ ಯಾವ ಮಾತು ಆಡುತ್ತಿದೆ ಅಂತ.

ಮೆಸೇಜ್ ಆ್ಯಪ್‌ಗಳಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. 2016ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಗ್ರ್ಯಾಂಡ್ ಜ್ಯೂರಿಯೊಂದು (ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಸಿಗ್ನಲ್ ಆ್ಯಪ್ ನಡೆಸುವವರಿಗೆ ಸಮನ್ಸ್ ಕಳಿಸಿ, ಬಳಕೆದಾರರ ವಿವರ ಕೇಳಿತು. ಅವರು ಕೊಟ್ಟದ್ದು ಎರಡೇ ಸಂಗತಿ: ಖಾತೆ ತೆರೆದದ್ದು ಯಾವಾಗ, ಕೊನೆಯ ಸಲ ಸರ್ವರ್‌ಗೆ ಸೇರಿದ್ದು ಯಾವ ದಿನ. ಹಟ ಮಾಡಿ ಮುಚ್ಚಿಟ್ಟದ್ದಲ್ಲ. ಅವರ ಹತ್ತಿರ ಇದ್ದದ್ದೇ ಅಷ್ಟು.

ನಡುವಿನವರಿಗೂ ತಿಳಿಯದಂತೆ ಮೆಸೇಜು ಗುಟ್ಟಾಗಿ ಉಳಿಯುವುದರ ಬೇರು ಇರುವುದು 1976ರಲ್ಲಿ. ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಆ ವರ್ಷ ಒಂದು ವಿಚಿತ್ರ ಸಂಗತಿ ತೋರಿಸಿಕೊಟ್ಟರು. ಎಂದೂ ಭೇಟಿಯಾಗದ ಇಬ್ಬರು, ಎಲ್ಲರಿಗೂ ಕೇಳಿಸುವ ಹಾಗೆ ಮಾತಾಡಿಕೊಂಡೇ, ತಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಸಂಖ್ಯೆಗೆ ಬಂದು ಮುಟ್ಟಬಹುದು. ನಡುವೆ ಕೂತು ಪ್ರತಿಯೊಂದನ್ನೂ ಕೇಳಿಸಿಕೊಂಡವನಿಗೂ ಆ ಸಂಖ್ಯೆ ಸಿಗುವುದಿಲ್ಲ. ಮೆಸೇಜಿನ ಬೀಗಕ್ಕೆ ಕೀ ಬರುವುದು ಆ ಸಂಖ್ಯೆಯಿಂದಲೇ. ನಿಮ್ಮ ಫೋನು ಮತ್ತು ನಿಮ್ಮ ಸ್ನೇಹಿತರ ಫೋನು ಇಂದು ಮಾಡುತ್ತಿರುವುದು ಬಹುಪಾಲು ಇದನ್ನೇ. ಸಿಗ್ನಲ್‌ನ ವಿಧಾನದಲ್ಲಿ ಇನ್ನೊಂದು ಹೆಜ್ಜೆ ಜಾಸ್ತಿ ಇದೆ. ಪ್ರತಿ ಮೆಸೇಜಿಗೂ ಕೀ ಬದಲಾಗುತ್ತದೆ, ಬಳಸಿದ ಕೀಯನ್ನು ಅಳಿಸಲಾಗುತ್ತದೆ. ಹಾಗಾಗಿ ಇವತ್ತು ಒಂದು ಕೀ ಕದ್ದವನಿಗೆ ನಿನ್ನೆಯ ಮಾತು ತೆರೆಯುವುದಿಲ್ಲ.

ವಾಟ್ಸ್‌ಆ್ಯಪ್ ಕೂಡ 2016ರ ಏಪ್ರಿಲ್‌ನಲ್ಲಿ ಇದೇ ವಿಧಾನವನ್ನು ತನ್ನ ಎಲ್ಲ ಬಳಕೆದಾರರಿಗೂ ತಂದಿತು. ಜನ ನೂರು ಕೋಟಿ ದಾಟಿದ್ದ ಆ್ಯಪ್‌ನಲ್ಲಿ ಇದು ನಿಜಕ್ಕೂ ದೊಡ್ಡ ಕೆಲಸ. ಆದರೂ ಎರಡು ಕಿಂಡಿಗಳನ್ನು ಗಮನಿಸಬೇಕು. ಮಾತಿಗೆ ಬೀಗ ಬಿದ್ದರೂ ಯಾರು ಯಾರ ಜೊತೆ, ಎಷ್ಟು ಹೊತ್ತಿಗೆ, ಎಷ್ಟು ಸಲ ಎಂಬುದಕ್ಕೆ ಅದೇ ಬೀಗ ಬೀಳುವುದಿಲ್ಲ. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಒಂದು ಕರೆ, ಆಮೇಲೆ ಮನೆಯವರಿಗೆಲ್ಲ ಸಾಲಾಗಿ ಕರೆ. ಏನು ಮಾತಾಡಿದರು ಅಂತ ಕೇಳಿಸಿಕೊಳ್ಳಲೇಬೇಕಿಲ್ಲ. ಇನ್ನೊಂದು ಕಿಂಡಿ ಬ್ಯಾಕಪ್. ಚಾಟ್‌ಗಳು ಕ್ಲೌಡ್‌ಗೆ ಹೋಗಿ ಕೂತರೆ ಆ ಪ್ರತಿಗೆ ಬೇರೆಯದೇ ಬೀಗ ಬೇಕು. ಆ ಆಯ್ಕೆ 2021ರಲ್ಲಿ ಬಂತು, ಆದರೆ ಅದನ್ನು ನೀವಾಗಿಯೇ ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಬೇಕು. ನೀವು ಮಾಡಿ, ಎದುರಿನವರು ಮಾಡದಿದ್ದರೆ, ಅದೇ ಮಾತುಕತೆ ಅವರ ಬ್ಯಾಕಪ್‌ನಲ್ಲಿ ಆ ಬೀಗವಿಲ್ಲದೆ ಇರುತ್ತದೆ.

ಇನ್ನು ಬ್ರೌಸರ್. ನಮ್ಮ ಬಗ್ಗೆ ಜಾಸ್ತಿ ಸೋರುವ ಜಾಗ ಇದು.

1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಕುಕಿಯನ್ನು ರೂಪಿಸಿದಾಗ ಉದ್ದೇಶ ಸರಳವಾಗಿತ್ತು. ವೆಬ್‌ಸೈಟುಗಳಿಗೆ ನೆನಪೇ ಇರಲಿಲ್ಲ. ಈ ಪುಟದಲ್ಲಿ ಆರಿಸಿದ ವಸ್ತು ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಮರೆತುಹೋಗುತ್ತಿತ್ತು. ಕುಕಿ ಎಂಬ ಪುಟ್ಟ ಚೀಟಿ ಆ ನೆನಪನ್ನು ಕೊಟ್ಟಿತು. ತೊಂದರೆ ಶುರುವಾದದ್ದು, ನೀವು ಹೋದ ಸೈಟಿನವರಲ್ಲದೆ ಆ ಪುಟದಲ್ಲಿ ಜಾಹೀರಾತು ಹಾಕಿದವರೂ ತಮ್ಮ ಚೀಟಿ ಅಂಟಿಸತೊಡಗಿದಾಗ. ಸುದ್ದಿ ಓದುವ ಸೈಟು, ಔಷಧಿಯ ಸೈಟು, ಉದ್ಯೋಗದ ಸೈಟು ಎಲ್ಲದರಲ್ಲೂ ಅದೇ ಜಾಹೀರಾತು ಕಂಪನಿ ಇದ್ದರೆ, ಮೂರೂ ಕಡೆ ಬಂದವರು ನೀವೇ ಅಂತ ಅದಕ್ಕೆ ತಿಳಿಯುತ್ತದೆ.

ಇಂಥ ಹೊರಗಿನವರ ಕುಕಿಗಳನ್ನು ಸಫಾರಿ 2020ರ ಮಾರ್ಚ್‌ನಲ್ಲಿ ಪೂರ್ತಿ ತಡೆಯಿತು. ಫೈರ್‌ಫಾಕ್ಸ್ 2022ರಿಂದ ಒಂದೊಂದು ಸೈಟಿನ ಕುಕಿಗಳನ್ನು ಒಂದೊಂದು ಬೇರೆ ಡಬ್ಬಿಯಲ್ಲಿ ಇಡುತ್ತದೆ, ಒಂದರೊಳಗಿನದು ಇನ್ನೊಂದಕ್ಕೆ ಕಾಣದು. ಕ್ರೋಮ್ ಮಾತ್ರ ಎರಡು ವರ್ಷದಲ್ಲಿ ತೆಗೆದುಹಾಕುತ್ತೇನೆ ಎಂದು 2020ರ ಜನವರಿಯಲ್ಲಿ ಹೇಳಿ, ಮುಂದೂಡುತ್ತಾ ಹೋಗಿ, 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಬ್ರಿಟನ್ನಿನ ಸ್ಪರ್ಧಾ ನಿಯಂತ್ರಕರ ಆಕ್ಷೇಪವೂ ನಡುವೆ ಇತ್ತು, ಅದನ್ನು ಒಪ್ಪೋಣ. ಆದರೆ ಆ ಬ್ರೌಸರ್ ಮಾಡುವವರ ಗಳಿಕೆಯ ದೊಡ್ಡ ಪಾಲು ಜಾಹೀರಾತಿನಿಂದಲೇ ಬರುತ್ತದೆ ಎಂಬುದನ್ನು ನೆನೆದರೆ ನನಗಂತೂ ಅಚ್ಚರಿ ಆಗಲಿಲ್ಲ.

ಕುಕಿ ಹೋದರೂ ಗುರುತು ಹಿಡಿಯುವುದು ನಿಲ್ಲುವುದಿಲ್ಲ. ಇದರ ಹಿಂದಿನ ಲೆಕ್ಕ ಕುತೂಹಲದ್ದು. ಹೌದು-ಇಲ್ಲ ಎಂದು ಉತ್ತರಿಸುವ ಒಂದು ಒಳ್ಳೆಯ ಪ್ರಶ್ನೆ ಗುಂಪನ್ನು ಅರ್ಧಕ್ಕೆ ಇಳಿಸುತ್ತದೆ. ಇನ್ನೊಂದು ಪ್ರಶ್ನೆ ಉಳಿದ ಅರ್ಧವನ್ನೂ ಅರ್ಧ ಮಾಡುತ್ತದೆ. ಹೀಗೆ 33 ಸಲ ಮಾಡಿದರೆ 859 ಕೋಟಿ ಜನರೊಳಗಿಂದ ಒಬ್ಬರನ್ನು ಹೆಕ್ಕಬಹುದು. ಭೂಮಿಯ ಜನರೆಲ್ಲ ಅದರೊಳಗೇ ಬಂದರು! ನಿಮ್ಮ ಬ್ರೌಸರ್ ಯಾವ ಸೈಟು ಕೇಳಿದರೂ ಒಂದಷ್ಟು ವಿವರ ಸುಮ್ನೆ ಕೊಟ್ಟುಬಿಡುತ್ತದೆ. ಪರದೆಯ ಅಳತೆ, ಕಾಲವಲಯ, ಹಾಕಿಕೊಂಡಿರುವ ಫಾಂಟುಗಳು, ಗ್ರಾಫಿಕ್ಸ್ ಚಿಪ್ ಒಂದು ಚಿತ್ರವನ್ನು ಬಿಡಿಸುವ ರೀತಿ, ನಿಮಗೆ ಇಷ್ಟವಾದ ಭಾಷೆ. ಬ್ರೌಸರಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಂಡವರು, ಪಾಪ, ಈ ಒಂದೇ ಉತ್ತರದಲ್ಲಿ ಹಲವು ಪ್ರಶ್ನೆಗಳ ಕೆಲಸ ಮುಗಿಸಿಕೊಟ್ಟಿರುತ್ತಾರೆ.

ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ಸುಮಾರು 4.7 ಲಕ್ಷ ಬ್ರೌಸರುಗಳನ್ನು ಹೀಗೆ ಪರೀಕ್ಷಿಸಿತು. ಶೇಕಡಾ 83.6ರಷ್ಟು ಬ್ರೌಸರುಗಳಿಗೆ ಜೋಡಿಯೇ ಇರಲಿಲ್ಲ. ಆದರೆ ಆ ಪರೀಕ್ಷೆಗೆ ಬಂದವರು ಈ ವಿಷಯದಲ್ಲಿ ಆಸಕ್ತಿ ಇದ್ದವರು, ಬ್ರೌಸರನ್ನು ತಮಗೆ ಬೇಕಾದಂತೆ ತಿದ್ದಿಕೊಂಡವರು. 2018ರಲ್ಲಿ ಸಂಶೋಧಕರು ಫ್ರಾನ್ಸಿನ ಜನಪ್ರಿಯ ಸೈಟೊಂದಕ್ಕೆ ಬಂದ ಬ್ರೌಸರುಗಳ 20 ಲಕ್ಷಕ್ಕೂ ಹೆಚ್ಚು ನಮೂನೆಗಳನ್ನು ನೋಡಿದಾಗ ಆ ಪ್ರಮಾಣ ಶೇಕಡಾ 33.6ಕ್ಕೆ ಇಳಿದಿತ್ತು. ಕಡಿಮೆಯೇನಲ್ಲ. ಆದರೆ ತೀರಾ ಕೈಚೆಲ್ಲಿ ಕೂರುವಂತೆಯೂ ಇಲ್ಲ.

ಇಲ್ಲೊಂದು ತಮಾಷೆ ಇದೆ. ಖಾಸಗಿತನಕ್ಕೆಂದು ಬ್ರೌಸರಿಗೆ ಹತ್ತು ಆ್ಯಡ್-ಆನ್ (ಮೇಲಿನಿಂದ ಸೇರಿಸುವ ಪುಟ್ಟ ಪ್ರೋಗ್ರಾಮು) ಹಾಕಿಕೊಂಡರೆ, ಹೀಗೆ ಹತ್ತು ಹಾಕಿಕೊಂಡವರು ಕಡಿಮೆ ಇರುವುದರಿಂದ, ನೀವೇ ಎದ್ದು ಕಾಣಬಹುದು. ಬಳಸುವವರ ಗುರುತು ಮರೆಸಲೆಂದೇ ಮಾಡಿದ ಟಾರ್ ಬ್ರೌಸರ್ ಹಿಡಿದಿರುವ ದಾರಿ ತದ್ವಿರುದ್ಧ. ಶಾಲಾ ಮಕ್ಕಳಿಗೆ ಸಮವಸ್ತ್ರ ಹಾಕಿಸಿದಂತೆ, ಅದು ತನ್ನ ಎಲ್ಲ ಬಳಕೆದಾರರೂ ಆದಷ್ಟು ಒಂದೇ ಥರ ಕಾಣುವಂತೆ ಮಾಡುತ್ತದೆ. ದಿನನಿತ್ಯಕ್ಕೆ ಅಷ್ಟೆಲ್ಲ ಬೇಡ ಅನ್ನುವವರಿಗೆ ಫೈರ್‌ಫಾಕ್ಸ್, ಅದರೊಳಗೆ ಯುಬ್ಲಾಕ್ ಆರಿಜಿನ್ ಎಂಬ ಒಂದೇ ಒಂದು ಆ್ಯಡ್-ಆನ್ ಸಾಕು ಎಂಬುದು ನನ್ನ ಅಭಿಪ್ರಾಯ. ಆಂಡ್ರಾಯ್ಡ್ ಫೋನಿನಲ್ಲೂ ಈ ಜೋಡಿ ಕೆಲಸ ಮಾಡುತ್ತದೆ. ಜಾಹೀರಾತನ್ನು ತಂದು ಬಚ್ಚಿಡುವುದಲ್ಲ ಅದರ ಕೆಲಸ. ಹಿಂಬಾಲಿಸುವವರ ಸರ್ವರ್‌ಗೆ ಕೋರಿಕೆ ಹೋಗದಂತೆಯೇ ತಡೆಯುತ್ತದೆ. ಹೋಗದ ಕೋರಿಕೆಯಿಂದ ಯಾರೂ ಏನೂ ಕಲಿಯಲಾರರು. ಪುಟಗಳು ಬೇಗ ತೆರೆಯುತ್ತವೆ ಎಂಬುದು ಮೇಲಿನ ಲಾಭ.

ಬ್ರೌಸರಿನ ಇನ್‌ಕಾಗ್ನಿಟೊ, ಅಂದರೆ ಖಾಸಗಿ ಕಿಟಕಿಯ ಬಗ್ಗೆ ಬಹಳ ಜನಕ್ಕೆ ತಪ್ಪು ಕಲ್ಪನೆ ಇದೆ. ಅದು ನಿಮ್ಮದೇ ಕಂಪ್ಯೂಟರಿನಲ್ಲಿ ಜಾಡು ಉಳಿಸುವುದಿಲ್ಲ, ಅಷ್ಟೇ. ಸೈಟಿಗೆ, ಇಂಟರ್ನೆಟ್ ಕೊಡುವ ಕಂಪನಿಗೆ, ಕಚೇರಿಯ ನೆಟ್‌ವರ್ಕ್‌ಗೆ ನೀವು ಕಾಣುತ್ತಲೇ ಇರುತ್ತೀರಿ. ನಿಮ್ಮ ಇಂಟರ್ನೆಟ್ ಓಡಾಟವನ್ನು ತನ್ನ ಸರ್ವರ್ ಮೂಲಕ ಹಾಯಿಸುವ ಸೇವೆಯಾದ ವಿಪಿಎನ್‌ನ ಜಾಹೀರಾತುಗಳನ್ನೂ ಅರ್ಧಕ್ಕರ್ಧ ಕಡಿಮೆ ಮಾಡಿಕೊಂಡೇ ನಂಬಬೇಕು. ಇಂಟರ್ನೆಟ್ ಕೊಡುವವರಿಗೆ ಕಾಣುತ್ತಿದ್ದದ್ದು ಈಗ ವಿಪಿಎನ್ ನಡೆಸುವವರಿಗೆ ಕಾಣುತ್ತದೆ. ಗೊತ್ತಿಲ್ಲದ ಜಾಗದ ವೈಫೈನಲ್ಲಿ ಅದರಿಂದ ಉಪಯೋಗವಿದೆ, ನಿಜ. ಆದರೂ ಅದು ಭರವಸೆಯ ಜಾತಿಗೇ ಸೇರಿದ್ದು. ಅದೇ ಟಾರ್‌ನಲ್ಲಿ ನಿಮ್ಮ ಕೋರಿಕೆ ಮೂರು ಕೈ ದಾಟಿ ಹೋಗುತ್ತದೆ. ಮೊದಲನೆಯವರಿಗೆ ನೀವು ಎಲ್ಲಿಂದ ಬಂದಿರಿ ಅಂತ ಗೊತ್ತು, ಎಲ್ಲಿಗೆ ಹೊರಟಿದ್ದೀರಿ ಅಂತ ಗೊತ್ತಿಲ್ಲ. ಕೊನೆಯವರಿಗೆ ಎಲ್ಲಿಗೆ ಅಂತ ಗೊತ್ತು, ಹೊರಟವರು ಯಾರು ಅಂತ ಗೊತ್ತಿಲ್ಲ. ನಿಧಾನ ಅನ್ನುವುದೇ ಅದರ ಸಮಸ್ಯೆ.

ನಾವಿರುವ ಜಾಗದ ವಿವರವನ್ನು ಜನ ಹಗುರವಾಗಿ ಕಾಣುತ್ತಾರೆ. ಹೆಸರು ಅಳಿಸಿಬಿಟ್ಟರೆ ಆಯಿತಲ್ಲ ಅಂತ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 15 ಲಕ್ಷ ಜನರ ಮೊಬೈಲ್ ಓಡಾಟದ ದಾಖಲೆ ನೋಡಿದರು. ಯಾವ ಹೊತ್ತಿನಲ್ಲಿ ಎಲ್ಲಿದ್ದರು ಎಂಬ ನಾಲ್ಕೇ ನಾಲ್ಕು ಬಿಂದು ಗೊತ್ತಿದ್ದರೆ ಶೇಕಡಾ 95ರಷ್ಟು ಜನರನ್ನು ಆ ರಾಶಿಯಲ್ಲಿ ಬೇರ್ಪಡಿಸಬಹುದಿತ್ತು. ಮನೆ, ಕೆಲಸ, ಇನ್ನೆರಡು ಜಾಗ, ಮುಗಿಯಿತು. ಹವಾಮಾನ ಹೇಳುವ ಆ್ಯಪ್‌ಗೆ ನೀವು ಯಾವ ಬೀದಿಯಲ್ಲಿದ್ದೀರಿ ಅನ್ನುವುದು ಯಾಕೆ ಬೇಕು? ಐಫೋನಿನಲ್ಲಿ 2020ರಿಂದ, ಆಂಡ್ರಾಯ್ಡ್‌ನಲ್ಲಿ 2021ರಿಂದ 'ಅಂದಾಜು ಜಾಗ' ಮಾತ್ರ ಕೊಡುವ ಆಯ್ಕೆ ಇದೆ. ದಾರಿ ತೋರಿಸುವ ಆ್ಯಪ್ ಬಿಟ್ಟು ಉಳಿದ ಹೆಚ್ಚಿನವುಗಳಿಗೆ ಅದು ಧಾರಾಳ.

ಹಾಗಾದರೆ ಯಾರಿಗೂ ಏನೂ ಕೊಡದೆ ಇದ್ದರೆ ಒಳ್ಳೆಯ ಸಾಫ್ಟ್‌ವೇರ್ ಮಾಡುವುದು ಹೇಗೆ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೂ ಗಣಿತದಲ್ಲಿ ಉತ್ತರ ಇದೆ, ಕಂಪ್ಯೂಟರ್ ಮನೆಗೆ ಬರುವುದಕ್ಕೂ ಮೊದಲಿನದು. 1965ರಲ್ಲಿ ಸ್ಟಾನ್ಲಿ ವಾರ್ನರ್ ಮುಂದಿಟ್ಟ ಉಪಾಯದ ಸರಳ ರೂಪ ಹೀಗಿದೆ. ಸಾವಿರ ಜನರಿಗೆ ಮುಜುಗರದ ಒಂದು ಪ್ರಶ್ನೆ ಕೇಳುತ್ತೀರಿ. ಉತ್ತರಿಸುವ ಮೊದಲು ಪ್ರತಿಯೊಬ್ಬರೂ ಗುಟ್ಟಾಗಿ ನಾಣ್ಯ ಚಿಮ್ಮಬೇಕು. ತಲೆ ಬಿದ್ದರೆ ನಿಜ ಹೇಳಿ. ಬಾಲ ಬಿದ್ದರೆ ಇನ್ನೊಮ್ಮೆ ಚಿಮ್ಮಿ, ಈಗ ತಲೆ ಬಿದ್ದರೆ 'ಹೌದು', ಬಾಲ ಬಿದ್ದರೆ 'ಇಲ್ಲ' ಅನ್ನಿ, ನಿಜ ಏನೇ ಇರಲಿ. ಒಟ್ಟು 400 'ಹೌದು' ಬಂತು ಎನ್ನಿ. ಬರೀ ನಾಣ್ಯದಿಂದಲೇ ಬಂದವು ಸುಮಾರು 250. ಉಳಿದ 150, ನಿಜ ಹೇಳಿದ 500 ಜನರದ್ದು. ಅಂದರೆ ಶೇಕಡಾ 30. ಗುಂಪಿನ ಬಗ್ಗೆ ಸತ್ಯ ಸಿಕ್ಕಿತು. ಆದರೆ 'ಹೌದು' ಅಂದ ಯಾರನ್ನು ಹಿಡಿದು ಕೇಳಿದರೂ, 'ನಾಣ್ಯ ಹೇಳಿಸಿತು' ಅನ್ನಬಹುದು!

2006ರಲ್ಲಿ ಸಿಂಥಿಯಾ ಡ್ವರ್ಕ್ ಮತ್ತು ಮೂವರು ಸಹಸಂಶೋಧಕರು ನಾಣ್ಯ ಹೇಳಿಸಿದ ಉತ್ತರಗಳಂಥ ಗದ್ದಲವನ್ನು ಮಾಹಿತಿಗೆ ಎಷ್ಟು ಬೆರೆಸಿದರೆ ಎಷ್ಟು ರಕ್ಷಣೆ ಎಂಬುದಕ್ಕೆ ಗಟ್ಟಿ ಲೆಕ್ಕ ಕೊಟ್ಟರು. ಯಾವ ಎಮೋಜಿ ಜನಪ್ರಿಯ ಎಂದು ತಿಳಿಯಲು ಆ್ಯಪಲ್ ಬಳಸುವುದು ಈ ಲೆಕ್ಕವನ್ನೇ. ಅಮೆರಿಕದ 2020ರ ಜನಗಣತಿಯಲ್ಲೂ ಇದು ಬಂತು. ಎಷ್ಟು ಬೆರೆಸುತ್ತಾರೆ ಎಂಬುದು ಮಾತ್ರ ಬೆರೆಸುವವರ ಕೈಯಲ್ಲಿದೆ, ಚಿಟಿಕೆಯಷ್ಟು ಬೆರೆಸಿಯೂ ದೊಡ್ಡ ಬೋರ್ಡು ಹಾಕಿಕೊಳ್ಳಬಹುದು.

ಇಷ್ಟೆಲ್ಲ ಮಾಡಿಕೊಂಡವರ ಕೈಗೂ ಎಟುಕದ ಒಂದು ವಿಷಯ ಉಳಿಯುತ್ತದೆ. ನಿಮ್ಮ ಹೆಸರು, ನಂಬರು, ಕೆಲವೊಮ್ಮೆ ಹುಟ್ಟಿದ ದಿನವೂ ಪರಿಚಯದವರ ಫೋನುಗಳಲ್ಲಿದೆ. ಅವರಲ್ಲೊಬ್ಬರು ಯಾವುದೋ ಆಟದ ಆ್ಯಪ್‌ಗೆ 'ಕಾಂಟ್ಯಾಕ್ಟ್ಸ್ ನೋಡಬಹುದು' ಅಂತ ಒಪ್ಪಿಗೆ ಒತ್ತಿದರೆ ಎಲ್ಲವೂ ಹೊರಟಿತು. ನಿಮ್ಮನ್ನು ಯಾರೂ ಕೇಳಲಿಲ್ಲ. ಇದನ್ನು ತಡೆಯಲು ನಿಮ್ಮ ಫೋನಿನಲ್ಲಿ ಯಾವ ಗುಂಡಿಯೂ ಇಲ್ಲ, ಇರುವುದು ಅವರ ಫೋನಿನಲ್ಲಿ. ಐಫೋನುಗಳಲ್ಲಿ 2024ರಿಂದ, ಇಡೀ ಪಟ್ಟಿ ಕೊಡುವ ಬದಲು ಆರಿಸಿದ ಕೆಲವರ ನಂಬರನ್ನಷ್ಟೇ ಆ್ಯಪ್‌ಗೆ ಕೊಡುವ ಸೌಲಭ್ಯ ಬಂದಿದೆ. ಮುಂದಿನ ಸಲ ಯಾವುದಾದರೂ ಆ್ಯಪ್ ಕಾಂಟ್ಯಾಕ್ಟ್ಸ್ ಕೇಳಿದಾಗ, ಅಲ್ಲಿ 'ಬೇಡ' ಒತ್ತಿ ನೋಡಿ. ಬಹುತೇಕ ಆ್ಯಪ್‌ಗಳು ಅದಿಲ್ಲದೆಯೂ ಚೆನ್ನಾಗಿಯೇ ನಡೆಯುತ್ತವೆ.