ಆರಿದ್ರಾ ಮಳೆಗೆ ಯೂರಿಯಾ ಹಾಕಬೇಡಿ

ಅಡಿಕೆ ತೋಟದ ಗೊಬ್ಬರದ ಮಾತು ಬಂದರೆ ನಮ್ಮ ಮಲೆನಾಡಿನ ಕಡೆ ಎಲ್ಲರೂ ಮೊದಲು ಕೇಳುವುದು "ಯಾವ ಗೊಬ್ಬರ ಹಾಕ್ತೀರಿ?" ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಯಾವಾಗ ಹಾಕ್ತೀರಿ, ಎಲ್ಲಿ ಹಾಕ್ತೀರಿ ಅನ್ನುವುದು ಮೊದಲನೆಯದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಜಿಲ್ಲೆ ಒಂದೇ, ಅಂಗಡಿಯಲ್ಲಿ ಸಿಗುವ ಚೀಲವೂ ಒಂದೇ. ಆದರೆ ಮಣ್ಣಿಗೆ ಬಿದ್ದ ಮೇಲೆ ಆ ಗೊಬ್ಬರದ ಗತಿ ಬೇರೆ ಬೇರೆ.

ಯೂರಿಯಾವನ್ನೇ ತಗೊಳ್ಳಿ. ನೂರು ಕೆಜಿ ಯೂರಿಯಾದಲ್ಲಿ 46 ಕೆಜಿ ಸಾರಜನಕ. ಕಾಳು ಮಣ್ಣಿಗೆ ಬಿದ್ದ ಮೇಲೆ ಯೂರಿಯೇಸ್ ಎಂಬ ಕಿಣ್ವ ಅದನ್ನು ಒಡೆದು ಅಮೋನಿಯಂ ಮಾಡುತ್ತದೆ. ಆಮೇಲೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಅಮೋನಿಯಂಗೆ ಧನ ವಿದ್ಯುದಂಶ, ಜೇಡಿಮಣ್ಣಿನ ಕಣಕ್ಕೆ ಋಣ, ಹಾಗಾಗಿ ಎರಡೂ ಅಂಟಿಕೊಂಡಿರುತ್ತವೆ. ನೈಟ್ರೇಟ್ ಋಣ ವಿದ್ಯುದಂಶದ್ದು, ಮಣ್ಣು ಅದನ್ನು ಹಿಡಿದುಕೊಳ್ಳುವುದಿಲ್ಲ, ನೀರು ಹೋದ ಕಡೆ ಅದೂ ಹೋಗುತ್ತದೆ. ಇನ್ನೂ ಒಡೆಯದ ಯೂರಿಯಾಕ್ಕಂತೂ ಯಾವ ವಿದ್ಯುದಂಶವೂ ಇಲ್ಲ, ಕರಗಿದ ಕೂಡಲೇ ಹರಿಯಲು ರೆಡಿ. ಜೂನ್ ಕೊನೆಗೆ ಆರಿದ್ರಾ ಮಳೆ ಹಿಡಿದು ಕೂತಾಗ, "ನೆಲ ಹಸಿ ಇದೆ, ಗೊಬ್ಬರ ಎಳ್ಕೊಳ್ಳತ್ತೆ" ಎಂದು ಯೂರಿಯಾ ಎಸೆದರೆ ಅದು ಅಡಿಕೆ ಮರಕ್ಕೆ ಸಿಗುವ ಮೊದಲು ಬಸಿಗಾಲುವೆ ಹಿಡಿದು ಹೋಗುತ್ತದೆ, ತೀರ್ಥಹಳ್ಳಿ ಕಡೆಯದ್ದಾದರೆ ತುಂಗೆಗೆ, ಹೊಸನಗರದ ಕಡೆಯದ್ದಾದರೆ ಶರಾವತಿಗೆ. ಈಗ ಬರುವ ಯೂರಿಯಾಕ್ಕೆ ಬೇವಿನೆಣ್ಣೆ ಲೇಪ ಇರುತ್ತದೆ. ಅದು ನೈಟ್ರೇಟ್ ಆಗುವ ವೇಗವನ್ನು ತಗ್ಗಿಸುತ್ತದೆ ನಿಜ, ಆದರೆ ವಾರಗಟ್ಟಲೆ ಬಿಡದೆ ಹೊಡೆಯುವ ಮಳೆಯ ಮುಂದೆ ಅದರ ಆಟ ಎಷ್ಟು ನಡೆದೀತು?

ಹಾಗಂತ ಬಿರುಬಿಸಿಲಲ್ಲಿ ನೆಲದ ಮೇಲೆ ಎರಚಿ ಬಂದರೂ ಲಾಭ ಇಲ್ಲ. ಮೇಲ್ಮೈಯಲ್ಲೇ ಒಡೆದ ಯೂರಿಯಾ ಅಮೋನಿಯಾ ಅನಿಲವಾಗಿ ಗಾಳಿಗೆ ಹೋಗುತ್ತದೆ. ನಮ್ಮ ತೋಟಗಳಲ್ಲಿ ಇದಕ್ಕೊಂದು ವಿಶೇಷ ಕಾರಣ ಇದೆ. ನೆಲದ ತುಂಬ ದರಕು (ಉದುರಿದ ಒಣ ಎಲೆ), ಸೋಗೆ, ಹಾಳೆಯ ಚೂರು. ಕೊಳೆಯುತ್ತಿರುವ ಎಲೆಯ ಮೇಲೆ ಆ ಯೂರಿಯೇಸ್ ಬರೀ ಮಣ್ಣಿಗಿಂತ ಜಾಸ್ತಿ. ಬಿಳಿ ಕಾಳು ದರಕಿನ ಮೇಲೆ ಕೂತು, ಇಬ್ಬನಿ ಕುಡಿದು, ಅಲ್ಲೇ ಕರಗಿ, ಅಲ್ಲೇ ಗಾಳಿಯಾಗುತ್ತದೆ. ಅದಕ್ಕೇ ಎಲೆ ಸರಿಸಿ, ಬುಡದಿಂದ ಮುಕ್ಕಾಲರಿಂದ ಒಂದು ಮೀಟರ್ ದೂರದವರೆಗೆ ಮಣ್ಣು ಬಿಡಿಸಿ, ಗೊಬ್ಬರ ಹಾಕಿ, ಮಣ್ಣು ಮುಚ್ಚಿ, ಎಲೆಯನ್ನು ವಾಪಸ್ ಎಳೆಯಬೇಕು. ಕೆಲಸ ಜಾಸ್ತಿ, ಆಳು ಸಿಗುವುದಿಲ್ಲ, ಗೊತ್ತು. ಆದರೆ ಅಡಿಕೆಯ ಉಣ್ಣುವ ಬೇರು ಬಹುಪಾಲು ಇರುವುದು ಅಷ್ಟರೊಳಗೇ. ಕಾಂಡಕ್ಕೆ ತಾಗುವಂತೆ ಗುಪ್ಪೆ ಹಾಕಿದರೆ ಬೇರು ಸುಡುವುದೊಂದೇ ಬಾಕಿ.

ಎಷ್ಟು ಹಾಕಬೇಕು? ಫಲ ಕೊಡುವ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎನ್ನುವುದು ಸಾಮಾನ್ಯ ಶಿಫಾರಸು. ಚೀಲದ ಲೆಕ್ಕದಲ್ಲಿ ಸುಮಾರು 220 ಗ್ರಾಂ ಯೂರಿಯಾ, 200 ಗ್ರಾಂ ಶಿಲಾರಂಜಕ (ರಾಕ್ ಫಾಸ್ಫೇಟ್), 230 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಮೊದಲ ವರ್ಷದ ಸಸಿಗೆ ಇದರ ಮೂರನೇ ಒಂದು ಭಾಗ, ಎರಡನೇ ವರ್ಷ ಮೂರನೇ ಎರಡು ಭಾಗ, ಮೂರರಿಂದ ಪೂರ್ತಿ. ಇದನ್ನು ಎರಡು ಕಂತು ಮಾಡಿ. ಮಳೆ ನಂಬಿದ ತೋಟಕ್ಕೆ ಭರಣಿ ಕೃತ್ತಿಕೆಯ (ಏಪ್ರಿಲ್ ಕೊನೆಯಿಂದ ಮೇ) ಹದ ಮಳೆ ಬಿದ್ದು ನೆಲ ನೆನೆದಾಗ ಒಂದು, ಮಳೆ ಕಡಿಮೆಯಾಗಿ ಮಣ್ಣಲ್ಲಿ ಹಸಿ ಇನ್ನೂ ಇರುವ ಹಸ್ತಾ ಚಿತ್ತಾ ಮಳೆ (ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್) ಹೊತ್ತಿಗೆ ಇನ್ನೊಂದು.

ಇನ್ನು ಮೂರು ಹದಿನೇಳರ ಚೀಲ, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ನೂರಕ್ಕೆ ಹದಿನೇಳರಂತೆ ಇರುವ ಗೊಬ್ಬರ. ಎಲ್ಲರಿಗೂ ಅದೇ ಬೇಕು, ಒಂದೇ ಚೀಲದಲ್ಲಿ ಕೆಲಸ ಮುಗಿಯುತ್ತದೆ. ಲೆಕ್ಕ ಹಾಕಿ ನೋಡಿ. 100 ಗ್ರಾಂ ಸಾರಜನಕ ಸಿಗಬೇಕಾದರೆ ಮರಕ್ಕೆ ಸುಮಾರು 590 ಗ್ರಾಂ ಬೇಕು. ಅಷ್ಟು ಹಾಕಿದರೆ ರಂಜಕವೂ 100 ಗ್ರಾಂ ಹೋಗುತ್ತದೆ, ಬೇಕಿದ್ದದ್ದು 40. ಪೊಟ್ಯಾಷ್ ಮಾತ್ರ 40 ಗ್ರಾಂ ಕಮ್ಮಿ. ಬೇಡದ್ದಕ್ಕೆ ದುಡ್ಡು ಕೊಟ್ಟು ಬೇಕಾದ್ದನ್ನು ಬಿಟ್ಟ ಹಾಗಾಯ್ತು ಅಲ್ವಾ?

ರಂಜಕದಲ್ಲಿ ಮಾತ್ರ ಮಲೆನಾಡಿನವರಿಗೆ ಒಂದು ಅನುಕೂಲ ಇದೆ. ನಮ್ಮ ಕೆಮ್ಮಣ್ಣು ಹುಳಿ. ಕಬ್ಬಿಣ, ಅಲ್ಯೂಮಿನಿಯಂ ತುಂಬಿದ ಈ ಮಣ್ಣು, ನೀರಲ್ಲಿ ಬೇಗ ಕರಗುವ ಸೂಪರ್ ಫಾಸ್ಫೇಟಿನ ರಂಜಕವನ್ನು ಹಿಡಿದುಬಿಡುತ್ತದೆ, ಆಮೇಲೆ ಬೇರಿಗೆ ಸುಲಭದಲ್ಲಿ ಬಿಟ್ಟುಕೊಡುವುದಿಲ್ಲ. ಶಿಲಾರಂಜಕ ನೀರಲ್ಲಿ ಕರಗದ ಬರೀ ಕಲ್ಲಿನ ಪುಡಿ. ಬಯಲುಸೀಮೆಯ ಎರೆಭೂಮಿಗೆ ಹಾಕಿದರೆ ಸುಮ್ನೆ ಬಿದ್ದಿರುತ್ತದೆ, ನಮ್ಮ ಹುಳಿ ಮಣ್ಣಲ್ಲಿ ನಿಧಾನಕ್ಕೆ ಕರಗಿ ಬೇರಿಗೆ ಸಿಗುತ್ತದೆ.

ಹುಳಿ ವಿಪರೀತವಾದರೆ ಬೇರೆ ತೊಂದರೆ. ಹುಳಿಯ ಅಳತೆಯಾದ ಪಿಎಚ್ (ಅದು ಇಳಿದಷ್ಟೂ ಹುಳಿ ಜಾಸ್ತಿ) 5.5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಕೆಡಿಸುತ್ತದೆ. ಆಗ ಎಷ್ಟು ಗೊಬ್ಬರ ಸುರಿದರೂ ಉಣ್ಣಲು ಬೇರೇ ಇರುವುದಿಲ್ಲ. ಸುಣ್ಣ ಅಥವಾ ಡೋಲಮೈಟ್ ಬೇಕಾಗುವುದು ಇದಕ್ಕೆ. ಡೋಲಮೈಟಿನಲ್ಲಿ ಮೆಗ್ನೀಸಿಯಂ ಕೂಡ ಇರುತ್ತದೆ, ಮಳೆ ಅದನ್ನೂ ತೊಳೆದುಕೊಂಡು ಹೋಗಿರುತ್ತದೆ. ಆದರೆ ಸುಣ್ಣ ಹಾಕಿ ಅವತ್ತೇ ಯೂರಿಯಾ ಹಾಕಬೇಡಿ, ಅಮೋನಿಯಾ ಹಾರಿಹೋಗುತ್ತದೆ. ಶಿಲಾರಂಜಕವನ್ನೂ ಜೊತೆಗೆ ಹಾಕಬೇಡಿ, ಅದು ಕರಗಲು ಬೇಕಾದ ಹುಳಿಯನ್ನೇ ಸುಣ್ಣ ತೆಗೆಯುತ್ತದೆ. ಎರಡು ಮೂರು ವಾರ ಅಂತರ ಇರಲಿ. ಎಷ್ಟು ಸುಣ್ಣ ಅನ್ನುವುದನ್ನು ಪಕ್ಕದ ತೋಟದವರನ್ನು ಕೇಳುವುದಲ್ಲ, ಮಣ್ಣು ಪರೀಕ್ಷೆ ಮಾಡಿಸಿ ತಿಳಿಯುವುದು.

ಪೊಟ್ಯಾಷ್ ಗೊಬ್ಬರಕ್ಕೆ ನಮ್ಮ ದೇಶ ಹೆಚ್ಚುಕಮ್ಮಿ ಪೂರ್ತಿ ಹೊರಗಿನವರನ್ನು ನೆಚ್ಚಿದೆ. ಅದೇ ಪೊಟ್ಯಾಷ್ ಸ್ವಲ್ಪ ಮಟ್ಟಿಗೆ ನಮ್ಮ ಬಚ್ಚಲೊಲೆಯಲ್ಲೂ ಇದೆ. ಬೂದಿಯ ಪೊಟ್ಯಾಷ್ ನೀರಲ್ಲಿ ಬೇಗ ಕರಗುತ್ತದೆ, ಹಾಗಾಗಿ ಹಿತ್ತಲಲ್ಲಿ ಮಳೆಗೆ ಬಿಟ್ಟ ಬೂದಿರಾಶಿಯಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಡಬ್ಬಿಯಲ್ಲೋ ಚೀಲದಲ್ಲೋ ಒಣಗಿದಂತೆ ಇಟ್ಟು ಮಳೆ ನಿಂತ ಮೇಲೆ ಬಳಸಿ. ಗೊಬ್ಬರಗುಂಡಿಗೆ ಮಾತ್ರ ಸುರಿಯಬೇಡಿ, ಬೂದಿ ಕ್ಷಾರ, ಸಗಣಿಯ ಸಾರಜನಕವನ್ನು ಅಮೋನಿಯಾ ಮಾಡಿ ಓಡಿಸುತ್ತದೆ.

ಕೊಟ್ಟಿಗೆ ಗೊಬ್ಬರದ ಬಗ್ಗೆ ನನಗೆ ಪಕ್ಷಪಾತ ಇದೆ, ಒಪ್ಪುತ್ತೇನೆ. ಸೊಪ್ಪಿನಬೆಟ್ಟದಿಂದ ಸೊಪ್ಪು, ದರಕು ತಂದು ದನದ ಕಾಲಡಿ ಹಾಸುವ ಪದ್ಧತಿ ಸುಮ್ನೆ ಬಂದದ್ದಲ್ಲ. ದನ ಹೊರಹಾಕುವ ಪೊಟ್ಯಾಷಿನಲ್ಲಿ ಹೆಚ್ಚಿನದು, ಸಾರಜನಕದಲ್ಲಿ ದೊಡ್ಡ ಪಾಲು ಇರುವುದು ಗಂಜಲದಲ್ಲಿ. ಹಾಸಿದ ಎಲೆ ಅದನ್ನು ಹೀರಿಕೊಳ್ಳುತ್ತದೆ. ಸಿಮೆಂಟು ನೆಲ ಮಾಡಿಸಿ ಪೈಪಲ್ಲಿ ತೊಳೆದು ಚರಂಡಿಗೆ ಬಿಟ್ಟರೆ ಹೋಗುವುದು ಅದೇ. ಬರೀ ಒಣ ದರಕನ್ನು ಬುಡಕ್ಕೆ ಹೂತರೆ ಅದನ್ನು ಕೊಳೆಸುವ ಜೀವಿಗಳು ಮಣ್ಣಿನ ಸಾರಜನಕವನ್ನೇ ತಿಂದು ಸ್ವಲ್ಪ ಕಾಲ ಗಿಡಕ್ಕೆ ಕೊರತೆ ಮಾಡುತ್ತವೆ. ಗಂಜಲ ಕುಡಿದ ಎಲೆಗೆ ಆ ತಾಪತ್ರಯ ಕಮ್ಮಿ. ಚೆನ್ನಾಗಿ ಕಳಿತ ಹತ್ತು ಕೆಜಿ ಗೊಬ್ಬರದಲ್ಲಿ ಅಂದಾಜು 50 ಗ್ರಾಂ ಸಾರಜನಕ ಇರುತ್ತದೆ, ಅದೂ ಒಂದೇ ವರ್ಷದಲ್ಲಿ ಪೂರ್ತಿ ಸಿಗುವುದಿಲ್ಲ. ಸಾವಯವವೊಂದೇ ಸಾಕು ಅನ್ನುವವರು ಈ ಲೆಕ್ಕ ಹಾಕಿಯೇ ಹೇಳಬೇಕು. ಆದರೆ ಇದು ಕೊಡುವ ಹ್ಯೂಮಸ್ಸನ್ನು, ಅಂದರೆ ಪೂರ್ತಿ ಕೊಳೆತು ಮಣ್ಣಲ್ಲಿ ಬೆರೆತ ಕಪ್ಪು ಸಾರವನ್ನು, ಯಾವ ಚೀಲವೂ ಕೊಡುವುದಿಲ್ಲ. ಅಮೋನಿಯಂ, ಪೊಟ್ಯಾಷ್‌ಗಳನ್ನು ಮಳೆಯಿಂದ ತಡೆದು ಹಿಡಿಯುವುದು ಅದೇ.

ಒಂದು ಮಾತು, ಗೊಬ್ಬರದಿಂದ ಎಲ್ಲವೂ ಸರಿಯಾಗುವುದಿಲ್ಲ. ಹಿಡಿಮುಂಡಿಗೆ (ಅಡಿಕೆಯ ತಲೆಯಲ್ಲಿ ಸೋಗೆ ಗಿಡ್ಡವಾಗಿ ಒತ್ತಾಗುವ ತೊಂದರೆ) ಬಂದ ಮರಕ್ಕೆ ಕೆಲವರು ಚೀಲದ ಮೇಲೆ ಚೀಲ ಹಾಕುತ್ತಾರೆ. ಬಹಳ ಕಡೆ ಅಲ್ಲಿ ನೀರು ಬಸಿಯದೆ, ಅಡಿಮಣ್ಣು ಗಟ್ಟಿಯಾಗಿ ಬೇರು ಉಸಿರುಗಟ್ಟಿರುತ್ತದೆ. ಮೊದಲು ಬಸಿಗಾಲುವೆ ಆಳ ಮಾಡಿ.

ಪೇಟೆಯಲ್ಲಿ ಕುಂಡದ ಗುಲಾಬಿಗೆ ಗೊಬ್ಬರ ಹಾಕುವವರಿಗೂ ಇದೇ ವಿಜ್ಞಾನ, ಅಳತೆ ಮಾತ್ರ ಚಿಕ್ಕದು. ಅಪ್ಪೆಮಿಡಿಗೆ ಉಪ್ಪು ಹಾಕಿಟ್ಟರೆ ಮಿಡಿ ನೀರು ಬಿಟ್ಟು ಸುಕ್ಕಾಗುತ್ತದಲ್ಲ, ಒಂದು ಮುಷ್ಟಿ ಯೂರಿಯಾ ಬಿದ್ದ ಕುಂಡದಲ್ಲಿ ಬೇರಿಗೂ ಹಾಗೇ ಆಗುತ್ತದೆ. ಎಲೆಯ ಅಂಚು ಕಂದಾಗಿ ಸುಟ್ಟಂತೆ ಕಂಡರೆ ಇನ್ನಷ್ಟು ಗೊಬ್ಬರ ಹಾಕಬೇಡಿ. ಕುಂಡದ ಅಡಿಯ ತೂತು ಕಟ್ಟಿಲ್ಲ ಅಂತ ನೋಡಿಕೊಂಡು, ಎರಡು ಮೂರು ಸಲ ಧಾರಾಳವಾಗಿ ನೀರು ಹಾಯಿಸಿ ಉಪ್ಪನ್ನು ಹೊರಗೆ ಹರಿಸಿ. ಹೊಸ ಚಿಗುರು ಕಾಣುವವರೆಗೆ ಗೊಬ್ಬರದ ಡಬ್ಬಿ ಮುಟ್ಟಬೇಡಿ.