ಸಾವಯವದ ಹೆಚ್ಚಿನ ಬೆಲೆ ಯಾರ ಆರೋಗ್ಯಕ್ಕೆ?

ಬದಿಯಡ್ಕ, ಕುಂಬಳೆ, ಉಪ್ಪಳದ ತರಕಾರಿ ಅಂಗಡಿಗಳಲ್ಲಿ 'ಜೈವ' ಎಂಬ ಮಲಯಾಳ ಫಲಕವನ್ನೋ 'ಸಾವಯವ' ಎಂಬ ಕನ್ನಡ ಚೀಟಿಯನ್ನೋ ಹೊತ್ತ ಬುಟ್ಟಿಯೆದುರು ನಿಂತವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಇಷ್ಟು ಹೆಚ್ಚು ಕೊಟ್ಟು ತಿಂದರೆ ಆರೋಗ್ಯಕ್ಕೆ ನಿಜಕ್ಕೂ ಒಳ್ಳೆಯದೇ? ಈ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ತಿನ್ನುವವರ ಆರೋಗ್ಯದ್ದು ಒಂದು, ಬೆಳೆಯುವಲ್ಲಿ ಬದುಕುವವರ ಆರೋಗ್ಯದ್ದು ಇನ್ನೊಂದು. ಇವುಗಳ ವ್ಯತ್ಯಾಸ ಕಾಸರಗೋಡಿನವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರಲಾರದು.

ಜಿಲ್ಲೆಯ ಗುಡ್ಡಗಳ ಮೇಲೆ ಸರಕಾರಿ ಸ್ವಾಮ್ಯದ ತೋಟಗಾರಿಕಾ ನಿಗಮದ ಗೇರು ತೋಟಗಳು ಸುಮಾರು 4,600 ಹೆಕ್ಟೇರುಗಳಲ್ಲಿ ಹರಡಿದ್ದವು. ಗೇರಿನ ಚಿಗುರು ಮತ್ತು ಹೂವಿನ ರಸ ಹೀರುವ ಟೀ ಸೊಳ್ಳೆಯೆಂಬ ಕೀಟದ ಹತೋಟಿಗೆಂದು ಈ ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ತೋಟಗಳು ಗುಡ್ಡದ ನೆತ್ತಿಯಲ್ಲಿ, ಮನೆಗಳು ಕೆಳಗಿನ ಕಣಿವೆಯಲ್ಲಿ. ಮುರಕಲ್ಲಿನ ಗುಡ್ಡ ಕೊರೆದ ಸುರಂಗಗಳ ನೀರನ್ನು, ತೋಡಿನ ನೀರನ್ನು ಕುಡಿದು ಬದುಕುವ ಊರುಗಳಿವು. ಸಿಂಪಡಿಸುವ ಮುನ್ನ ಬಾವಿಗಳನ್ನು ಮುಚ್ಚಬೇಕೆಂಬ ಸೂಚನೆ ಕಾಗದದಲ್ಲಿದ್ದರೂ, ಸುರಂಗವನ್ನೂ ತೋಡನ್ನೂ ಮುಚ್ಚುವುದಾದರೂ ಹೇಗೆ?

ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ, ವಾಣಿನಗರದಂತಹ ಕನ್ನಡ-ತುಳು ಮಾತಿನ ಹಳ್ಳಿಗಳಲ್ಲಿ ಹುಟ್ಟಿನಿಂದ ಬಂದ ವೈಕಲ್ಯ, ಬುದ್ಧಿಮಾಂದ್ಯ, ಅಪಸ್ಮಾರದ ಪ್ರಕರಣಗಳು ಅಸಹಜವಾಗಿ ಹೆಚ್ಚಿರುವುದನ್ನು ಗಮನಿಸಿ ದಾಖಲಿಸಿದವರಲ್ಲಿ ಪಡ್ರೆಯ ವೈದ್ಯ ಡಾ. ವೈ. ಎಸ್. ಮೋಹನಕುಮಾರ್ ಮತ್ತು ಪತ್ರಕರ್ತ ಶ್ರೀ ಪಡ್ರೆ ಮೊದಲಿಗರು. ಪೆರಿಯ ಭಾಗದ ಲೀಲಾಕುಮಾರಿ ಅಮ್ಮ ಅವರ ದಾವೆಯ ಮೇಲೆ ಹೊಸದುರ್ಗದ ನ್ಯಾಯಾಲಯ 1998ರಲ್ಲಿ ಸಿಂಪಡಣೆಗೆ ತಡೆ ನೀಡಿತು. ಅಹ್ಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಇಲ್ಲಿನ ಶಾಲಾ ಬಾಲಕರನ್ನು ಪರೀಕ್ಷಿಸಿ, ಅವರ ದೈಹಿಕ ಪ್ರೌಢತೆ ನಿಧಾನವಾಗಿರುವುದನ್ನು 2003ರಲ್ಲಿ ಪ್ರಕಟಿಸಿದರು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ತೊಡೆದುಹಾಕಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆಯಿತು. 2017ರ ಜನವರಿಯಲ್ಲಿ ಅದೇ ನ್ಯಾಯಾಲಯ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು.

ಈ ಕಥೆಯನ್ನು ಸಾವಯವ ಆಹಾರದ ಚರ್ಚೆಯಲ್ಲಿ ಉಲ್ಲೇಖಿಸುವವರು ಒಂದು ಅಂಶವನ್ನು ಮರೆಯುತ್ತಾರೆ. ಇಲ್ಲಿ ನರಳಿದವರು ಗೇರುಬೀಜ ತಿಂದವರಲ್ಲ. ಬೀಜ ಸಂಸ್ಕರಣೆಯಾಗಿ ದೂರದ ಪೇಟೆಗಳಿಗೆ ಹೋಯಿತು. ವಿಷ ಇಲ್ಲಿಯ ಮಣ್ಣು, ನೀರು, ಗಾಳಿಯಲ್ಲಿ ಉಳಿಯಿತು. ಹಾಗಾಗಿ ಕೇರಳ 2010ರಲ್ಲಿ ಸಾವಯವ ಕೃಷಿ ನೀತಿಯನ್ನು ರೂಪಿಸಿ, ಅನಂತರ ಕಾಸರಗೋಡನ್ನು ಸಾವಯವ ಜಿಲ್ಲೆಯಾಗಿಸಲು ಹೊರಟದ್ದರ ಹಿಂದೆ ಇದ್ದದ್ದು ಗ್ರಾಹಕರ ವಿಟಮಿನ್ ಲೆಕ್ಕವಲ್ಲ, ಊರವರ ಗಾಯ.

ಸಾವಯವ ಚಳವಳಿಯ ಮೂಲದಲ್ಲಿಯೂ ಇದ್ದದ್ದು ಮಣ್ಣಿನ ಚಿಂತೆಯೇ. 1905ರಲ್ಲಿ ಭಾರತಕ್ಕೆ ಬಂದ ಬ್ರಿಟಿಷ್ ಸಸ್ಯವಿಜ್ಞಾನಿ ಆಲ್ಬರ್ಟ್ ಹೊವಾರ್ಡ್ ನಮ್ಮ ರೈತರನ್ನು ಗುರುಗಳೆಂದೇ ಭಾವಿಸಿ, ಇಂದೋರಿನಲ್ಲಿ ಕಾಂಪೋಸ್ಟ್ ವಿಧಾನವೊಂದನ್ನು ರೂಪಿಸಿದರು. ಸೊಪ್ಪು, ಸಗಣಿ, ಕಸಕಡ್ಡಿಗಳನ್ನು ಮಣ್ಣಿಗೆ ಮರಳಿಸುವ ಆ ಕ್ರಮ ಹಟ್ಟಿಗೊಬ್ಬರ ಕಂಡವರಿಗೆ ಹೊಸತೇನಲ್ಲ. 'ಸಾವಯವ' ಎಂಬುದು ಕಾನೂನಿನ ಮುದ್ರೆಯಾದದ್ದು ಬಹಳ ತಡವಾಗಿ. ಅಮೆರಿಕವು 1990ರಲ್ಲಿ ಕಾನೂನು ಮಾಡಿ 2000ದಲ್ಲಿ ನಿಯಮಗಳನ್ನು ಅಂತಿಮಗೊಳಿಸಿದಾಗ, ಈ ಮುದ್ರೆ ಮಾರಾಟದ ಗುರುತೇ ಹೊರತು ಆಹಾರದ ಸುರಕ್ಷತೆ ಅಥವಾ ಪೌಷ್ಟಿಕತೆಯ ಬಗೆಗಿನ ತೀರ್ಪಲ್ಲ ಎಂದು ಅಲ್ಲಿನ ಕೃಷಿ ಕಾರ್ಯದರ್ಶಿಯೇ ಸ್ಪಷ್ಟಪಡಿಸಿದ್ದರು. ಭಾರತದಲ್ಲಿ ಈಗ ಕಾಣುವ 'ಜೈವಿಕ್ ಭಾರತ್' ಮುದ್ರೆಯೂ ಬೆಳೆಸಿದ ವಿಧಾನಕ್ಕೆ ಕೊಟ್ಟ ಪ್ರಮಾಣವೇ.

ಹಾಗಾದರೆ ತಿನ್ನುವವರಿಗೆ ಸಿಗುವುದೇನು? 2009ರಲ್ಲಿ ಲಂಡನ್ನಿನ ಸಂಶೋಧಕರೂ 2012ರಲ್ಲಿ ಸ್ಟ್ಯಾನ್‌ಫೋರ್ಡಿನವರೂ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಸಾವಯವ ಆಹಾರ ಗಣನೀಯವಾಗಿ ಹೆಚ್ಚು ಪೌಷ್ಟಿಕವೆನ್ನಲು ಬಲವಾದ ಆಧಾರವಿಲ್ಲವೆಂದರು. 2014ರಲ್ಲಿ 343 ಪ್ರಕಟಣೆಗಳನ್ನು ಆಧರಿಸಿದ ಮತ್ತೊಂದು ವಿಶ್ಲೇಷಣೆ ಸಾವಯವ ಬೆಳೆಗಳಲ್ಲಿ ಪಾಲಿಫಿನಾಲುಗಳೆಂಬ ಸಸ್ಯಜನ್ಯ ರಾಸಾಯನಿಕಗಳು ಹೆಚ್ಚು, ಕ್ಯಾಡ್ಮಿಯಂ ಎಂಬ ವಿಷಲೋಹ ಕಡಿಮೆ ಎಂದು ಕಂಡಿತು; ಆದರೆ ಅಷ್ಟು ಹೆಚ್ಚಳದಿಂದ ಮನುಷ್ಯನ ಆರೋಗ್ಯ ಸುಧಾರಿಸುತ್ತದೆಂಬುದು ಸಾಬೀತಾಗಿಲ್ಲ. ಕ್ಯಾನ್ಸರಿನ ವಿಚಾರದಲ್ಲಿಯೂ ಉತ್ತರ ಒಂದೇ ದಿಕ್ಕಿಗಿಲ್ಲ. ಸುಮಾರು 69,000 ಫ್ರೆಂಚರನ್ನು ಗಮನಿಸಿದ 2018ರ ಅಧ್ಯಯನದಲ್ಲಿ ಅತಿ ಹೆಚ್ಚು ಸಾವಯವ ತಿಂದವರಲ್ಲಿ ಕ್ಯಾನ್ಸರ್ ಶೇ. 25ರಷ್ಟು ಕಡಿಮೆ ಕಂಡುಬಂದರೆ, ಆರು ಲಕ್ಷಕ್ಕೂ ಹೆಚ್ಚು ಬ್ರಿಟಿಷ್ ಮಹಿಳೆಯರನ್ನು ಒಳಗೊಂಡ 2014ರ ಅಧ್ಯಯನದಲ್ಲಿ ಒಟ್ಟಾರೆ ಇಳಿಕೆ ಕಾಣಲಿಲ್ಲ. ಸಾವಯವ ಕೊಳ್ಳುವವರು ಸಾಮಾನ್ಯವಾಗಿ ಉಳ್ಳವರೂ ಆರೋಗ್ಯದ ಬಗ್ಗೆ ಎಚ್ಚರವುಳ್ಳವರೂ ಆಗಿರುವುದರಿಂದ, ಫಲ ಆಹಾರದ್ದೋ ಜೀವನಕ್ರಮದ್ದೋ ಎಂದು ಬೇರ್ಪಡಿಸುವುದು ಕಷ್ಟ.

ಕೀಟನಾಶಕದ ಶೇಷದ ವಿಚಾರದಲ್ಲಿ ಮಾತ್ರ ಅನುಮಾನ ಕಡಿಮೆ. 2014ರ ಅದೇ ವಿಶ್ಲೇಷಣೆಯಂತೆ ಸಾಮಾನ್ಯ ಬೆಳೆಗಳಲ್ಲಿ ಶೇಷ ಕಾಣಿಸಿಕೊಳ್ಳುವ ಪ್ರಮಾಣ ಸಾವಯವದ ನಾಲ್ಕು ಪಟ್ಟು. ಸಿಯಾಟಲ್ ಪ್ರದೇಶದ 23 ಮಕ್ಕಳಿಗೆ ಐದು ದಿನ ಸಾವಯವ ಆಹಾರ ಕೊಟ್ಟು ನಡೆಸಿದ, 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೂತ್ರದಲ್ಲಿದ್ದ ಮಲಾಥಿಯಾನ್ ಮತ್ತು ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕಗಳ ಕುರುಹುಗಳು ಬಹುಬೇಗ ಇಳಿದವು. ಶೇಷವಿದೆ ಎಂದಾಕ್ಷಣ ಕಾಯಿಲೆ ಬರುತ್ತದೆಂದಲ್ಲ. ಆದರೂ ಗರ್ಭಿಣಿಯರೂ ಎಳೆಯ ಮಕ್ಕಳೂ ಇರುವ ಮನೆಯಲ್ಲಿ ಇದನ್ನು ತಳ್ಳಿಹಾಕುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಬೆಲೆ ಏರುವುದಕ್ಕೂ ಕಾರಣಗಳಿವೆ. ಕಳೆ ಕೀಳಲು ಆಳು ಬೇಕು, ಆಳಿನ ಕೂಲಿ ನಮ್ಮಲ್ಲಿ ಕಡಿಮೆಯಿಲ್ಲ. 2012ರ ಜಾಗತಿಕ ವಿಶ್ಲೇಷಣೆಯೊಂದರ ಪ್ರಕಾರ ಸಾವಯವದ ಇಳುವರಿ ಸಂದರ್ಭಕ್ಕೆ ತಕ್ಕಂತೆ ಶೇ. 5ರಿಂದ 34ರಷ್ಟು ಕಡಿಮೆ. ರಾಷ್ಟ್ರೀಯ ಸಾವಯವ ಪ್ರಮಾಣೀಕರಣದಲ್ಲಿ ತೆಂಗು, ಕರಿಮೆಣಸಿನಂತಹ ಬಹುವಾರ್ಷಿಕ ಬೆಳೆಗೆ ಮೂರು ವರ್ಷಗಳ ಪರಿವರ್ತನಾ ಅವಧಿಯಿದೆ. ಅಷ್ಟೂ ಕಾಲ ಕೃಷಿಕ ಸಾವಯವ ಕ್ರಮದಲ್ಲಿ ಬೆಳೆದು ಸಾಮಾನ್ಯ ಬೆಲೆಗೇ ಮಾರಬೇಕು. ಸಾವಯವವೆಂದರೆ ಏನನ್ನೂ ಸಿಂಪಡಿಸಿಲ್ಲ ಎಂದೂ ಅರ್ಥವಲ್ಲ. ಅಡಿಕೆಯ ಕೊಳೆರೋಗಕ್ಕೆ ನಾವು ಬಿಡುವ ಮದ್ದು, ಅಂದರೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ, ಸಾವಯವ ನಿಯಮಗಳಲ್ಲಿಯೂ ಮಿತಿಯೊಳಗೆ ಬಳಸಬಹುದಾದದ್ದು.

ಎಲ್ಲದಕ್ಕೂ ಹೆಚ್ಚು ಕೊಡಲಾಗದ ಮನೆಯವರು ತೆಂಗಿನಕಾಯಿ, ಹಲಸು, ಬಾಳೆಹಣ್ಣಿನಂತಹ ದಪ್ಪ ಸಿಪ್ಪೆಯವುಗಳಿಗೆ ಆ ಹಣ ಹಾಕಬೇಕಾಗಿಲ್ಲ. ಹೊರಗಿನಿಂದ ಬರುವ ಕರಿಬೇವು, ಕೊತ್ತಂಬರಿ ಸೊಪ್ಪು, ಹಸಿಮೆಣಸಿನ ಬಗ್ಗೆ ಎಚ್ಚರ ಹೆಚ್ಚಿರಲಿ. ಇವುಗಳನ್ನು ಹುಣಸೆ ಹುಳಿಯ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ತೊಳೆಯುವಂತೆ ಕೇರಳ ಕೃಷಿ ವಿಶ್ವವಿದ್ಯಾಲಯದ ವೆಳ್ಳಾಯಣಿ ಕೇಂದ್ರವೂ ಹೇಳುತ್ತದೆ. ಬಸಳೆ, ಅಲಸಂಡೆ, ತೊಂಡೆಯನ್ನು ಹಿತ್ತಿಲಲ್ಲಿಯೇ ಬೆಳೆಯಬಹುದು. ಸಾವಯವ ಸಿಗಲಿಲ್ಲವೆಂದು ಊಟದಲ್ಲಿ ತರಕಾರಿಯನ್ನೇ ಕಡಿಮೆ ಮಾಡಿದರೆ, ಆ ನಷ್ಟ ಶೇಷದ ಅಪಾಯಕ್ಕಿಂತ ದೊಡ್ಡದು. ಕೊಡುವ ಶಕ್ತಿಯಿದ್ದವರಾದರೆ ನಾನು ಮೊದಲು ತೋರಿಸುವುದು ನೆರೆಯ ಕೃಷಿಕ ಬೆಳೆದ ಕುಚ್ಚಿಲಕ್ಕಿಯನ್ನು, ಅವನ ಗದ್ದೆಯ ಕಾಯಿಪಲ್ಲೆಯನ್ನು. ಅಲ್ಲಿ ಯಾವ ಮದ್ದು, ಯಾವಾಗ ಬಿಟ್ಟದ್ದು ಎಂದು ನೇರವಾಗಿ ಕೇಳಬಹುದು. ಆ ಗದ್ದೆಯ ನೀರು ಇಳಿಯುವುದು ನಾವೆಲ್ಲ ಬಳಸುವ ತೋಡಿಗೇ.